ಹರಕೆ ಡಬ್ಬದ ಬತ್ತಿ

ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ನನಗಾಗಿ ಲಕ್ಷಬತ್ತಿಯ ಹರಕೆ ಹೊತ್ತಿದ್ದಳು. ನಾನು ಸಿಗರೇಟು ಬಿಟ್ಟರೆ ತನ್ನ ಕೈಯಾರೆ ಹೊಸೆದ ಒಂದು ಲಕ್ಷ ಬತ್ತಿಯನ್ನು ಕಾರ್ತಿಕದಲ್ಲಿ ದೇವರ ಮುಂದೆ ಉರಿಸುತ್ತೇನೆ ಎಂದು. ತಾಯಿಯಿಲ್ಲದ ನನ್ನನ್ನು ಐದನೇ ವಯಸ್ಸಿನಿಂದ ಭದ್ರಾವತಿಯ ಆ ಪುಟ್ಟ ಮನೆಯಲ್ಲಿ ಸಾಕಿದವಳು ಅವಳು. ಹಾಗಾಗಿ ನನ್ನ ಎದೆಗೂಡಿನ ಮೇಲೂ ತನಗೊಂದು ಹಕ್ಕಿದೆ ಎಂದು ತಿಳಿದಿದ್ದಳು. ನನಗೆ ಆ ಹಕ್ಕನ್ನು ಕಂಡರೆ ಮೈ ಉರಿಯುತ್ತಿತ್ತು.

ಸಿಗರೇಟು ಬಿಟ್ಟದ್ದು ನಿಜ. ಬಿಟ್ಟು ವೇಪ್ ಹಿಡಿದೆ. ಕೆಳಗೊಂದು ಬ್ಯಾಟರಿ, ಮೇಲೊಂದು ಪುಟ್ಟ ತೊಟ್ಟಿ, ತೊಟ್ಟಿಯಲ್ಲಿ ಸಿಹಿ ವಾಸನೆಯ ನಿಕೋಟಿನ್ ದ್ರವ. ನಡುವೆ ತಂತಿಯ ಸುರುಳಿ, ಅದರೊಳಗೆ ಹತ್ತಿ. ಹತ್ತಿ ಹೀರಿಕೊಂಡ ದ್ರವವನ್ನು ಸುರುಳಿ ಕಾಯಿಸಿ ಹಬೆ ಮಾಡಿ ಬಾಯಿಗೆ ಕಳಿಸುತ್ತದೆ. ಇದರ ಮಾರಾಟ ನಿಷೇಧವಾದ ಮೇಲೆ ದ್ರವ ಹೇಗೋ ಕದ್ದುಮುಚ್ಚಿ ಸಿಗುತ್ತಿತ್ತು, ಸುರುಳಿ ಸಿಗುತ್ತಿರಲಿಲ್ಲ. ಹಳೆಯದು ಕರಕಲಾಗಿತ್ತು. ನಾನೇ ಮಾಡಿಕೊಳ್ಳಲು ಕೂತೆ. ಶಿವಮೊಗ್ಗದ ವಿನೋಬನಗರದ ನನ್ನ ಮನೆಯಲ್ಲಿ ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಹೆಂಡತಿಯನ್ನು ಕರೆಯುವ ಗಂಡಸು ನಾನು. ಚಟ ಎಂಥ ದಡ್ಡನಿಗೂ ಕೆಲಸ ಕಲಿಸುತ್ತದೆ.

ತಂತಿ ಸಿಕ್ಕಿದ್ದು ಭದ್ರಾವತಿಯಲ್ಲಿ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಅಲ್ಲಿ ಇಸ್ತ್ರಿಪೆಟ್ಟಿಗೆ, ಗೀಸರು, ಮೋಟಾರು ರಿಪೇರಿ ಮಾಡುತ್ತಾನೆ. ತಾತನ ಕಾಲದಲ್ಲಿ ಕಾರ್ಖಾನೆ ಕೆಲಸಕ್ಕೆಂದು ಬಂದ ತಮಿಳು ಮನೆಯವನು.

"ಕರೆಂಟ್ ಒಲೇನ ಬಾಯಲ್ಲಿ ಇಟ್ಕೊಳ್ತೀಯೇನೋ?" ಎಂದು ನಕ್ಕ. ಆದರೂ ಹೇಳಿಕೊಟ್ಟ. ತೆಳ್ಳನೆಯ ನೈಕ್ರೋಮ್ ತಂತಿಯನ್ನು ಎಳೆದು ಬಿಗಿಯಾಗಿ ಹಿಡಿದು, ಮೂರು ಮಿಲಿಮೀಟರಿನ ಡ್ರಿಲ್ ಬಿಟ್‌ನ ನಯವಾದ ಹಿಂಭಾಗಕ್ಕೆ ಏಳು ಸುತ್ತು ಸುತ್ತಬೇಕು. ಎರಡು ತುದಿಗಳನ್ನು ಸ್ಕ್ರೂ ಕೆಳಗೆ ಕಚ್ಚಿಸಬೇಕು. ಮೀಟರು ಹಚ್ಚಿ ಶಾರ್ಟ್ ಇಲ್ಲವೆಂದು ನೋಡದೆ ಬ್ಯಾಟರಿ ಒತ್ತಬಾರದು. "ಅವಸರ ಮಾಡಿದ್ರೆ ಮೂತಿ ಹೋಗುತ್ತೆ," ಎಂದ. ಒತ್ತಿದಾಗ ಕೆಂಪು ನಡುವಿನ ಸುತ್ತಿನಲ್ಲಿ ಶುರುವಾಗಿ ಎರಡೂ ಕಡೆಗೆ ಸಮನಾಗಿ ಹರಿಯಬೇಕು. ಯಾವುದೋ ಒಂದು ಸುತ್ತು ಮೊದಲೇ ಕೆಂಡವಾದರೆ ಚಿಮಟದಿಂದ ಒತ್ತಿ ಸರಿಮಾಡಬೇಕು. ಎರಡೇ ವಾರದಲ್ಲಿ ಇಷ್ಟು ಕಲಿತೆ.

ಕೈಕೊಟ್ಟಿದ್ದು ಹತ್ತಿ. ಮೆಡಿಕಲ್ ಶಾಪಿನ ಹತ್ತಿ ತಂದು ತುರುಕಿದೆ. ಬಿಗಿಯಾದರೆ ದ್ರವ ಏರುವುದಿಲ್ಲ, ಒಣಹತ್ತಿ ಸುಟ್ಟ ಘಾಟು ಗಂಟಲಿಗೆ ಬಡಿಯುತ್ತದೆ. ಸಡಿಲವಾದರೆ ದ್ರವ ಕುದಿದು ನಾಲಿಗೆಗೆ ಚಿಮ್ಮುತ್ತದೆ. ಒಂದು ತಿಂಗಳು ಕೆಮ್ಮಿದೆ. ಸಿಗರೇಟಿನಲ್ಲೂ ನಾನು ಅಷ್ಟು ಕೆಮ್ಮಿರಲಿಲ್ಲ.

ಭಾನುವಾರ ಅತ್ತೆಯ ಮನೆಗೆ ಹೋದರೆ ಅವಳು ಮಡಿಯುಟ್ಟು ಚಾಪೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಬೆರಳ ತುದಿಗೆ ಹಾಲು ಮುಟ್ಟಿಸಿಕೊಳ್ಳುವುದು, ಹತ್ತಿ ಎಳೆಯುವುದು, ಹೊಸೆಯುವುದು. ನೂರಾದರೆ ದಾರ ಸುತ್ತಿ ಕಟ್ಟು ಮಾಡಿ ಬಿಸ್ಕೆಟ್ ಡಬ್ಬಕ್ಕೆ ಹಾಕುವುದು. ಆಗಲೇ ಎರಡು ವರ್ಷದ ಕೆಲಸವಾಗಿತ್ತು. ನನ್ನ ಕೈಯಲ್ಲಿದ್ದ ವೇಪನ್ನು ತೋರಿಸಿ, ಸಿಗರೇಟು ಬಿಡಿಸಲು ಡಾಕ್ಟರು ಕೊಟ್ಟ ಮಿಷಿನು, ಇದಕ್ಕೂ ಬತ್ತಿ ಬೇಕು ಎಂದು ಸುಳ್ಳು ಹೇಳಿದೆ. ಅವಳು ಕೂತಲ್ಲಿಂದಲೇ ಅದಕ್ಕೆ ಕೈಮುಗಿದಳು.

ನಾನು ಹತ್ತಿ ತುರುಕುವುದನ್ನು ನೋಡಿ, "ಕುತ್ತಿಗೆ ಹಿಸುಕ್ತಿದೀಯಲ್ಲ ಮಾರಾಯ," ಎಂದಳು. "ಹತ್ತಿ ಉಸಿರಾಡ್ಬೇಕು. ಮೊದ್ಲು ಎಳೆ ಎಲ್ಲಾ ಒಂದೇ ಕಡೆ ಬರೋ ಹಾಗೆ ಬಿಡಿಸ್ಕೋ. ನಡುವೆ ಸಡಿಲ ಬಿಡು. ಎಣ್ಣೆ ತಾನಾಗೇ ಏರುತ್ತೆ."

ಅವಳು ಹೊಸೆದುಕೊಟ್ಟ ಬತ್ತಿ ಸುರುಳಿಯೊಳಗೆ ಹಗುರಾಗಿ ಉಜ್ಜಿಕೊಂಡು ಹೋಯಿತು, ತಂತಿ ಅಲುಗಲಿಲ್ಲ. ಎರಡೂ ತುದಿ ಕತ್ತರಿಸಿ, ಪೊರಕೆಯ ಹಾಗೆ ಬಿಡಿಸಿ, ದ್ರವದಲ್ಲಿ ಇಳಿಬಿಟ್ಟೆ. ಎಳೆದೆ. ಸುಟ್ಟ ವಾಸನೆ ಇಲ್ಲವೇ ಇಲ್ಲ. ಅಷ್ಟು ಸುಖವನ್ನು ನಾನು ಯಾವ ಸಿಗರೇಟಿನಲ್ಲೂ ಕಂಡಿರಲಿಲ್ಲ.

"ನಿಂಗೆ ಬೇಕಾದಷ್ಟು ಹತ್ತಿ ಬೇರೆ ಕೊಡ್ತೀನಿ, ನೀನೇ ಹೊಸ್ಕೋ. ಹರಕೆ ಡಬ್ಬ ಮಾತ್ರ ಮುಟ್ಬೇಡ," ಎಂದಳು.

ಮುಟ್ಟಿದೆ. ನಾನು ಹೊಸೆದದ್ದು ಅವಳದ್ದರಂತೆ ಬರುತ್ತಿರಲಿಲ್ಲ, ಬರಿಸಿಕೊಳ್ಳುವ ತಾಳ್ಮೆಯೂ ನನಗಿರಲಿಲ್ಲ. ಅವಳು ಕಾಫಿ ಮಾಡಲು ಒಳಗೆ ಹೋದಾಗ ಕಟ್ಟಿನಿಂದ ಎರಡೆರಡು ಬತ್ತಿ ಎಳೆದು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಉಂಡ ಮನೆಯ ಗಳ ಎಣಿಸುವವನು ಎನ್ನುತ್ತಾರಲ್ಲ, ಆ ಜಾತಿಯವನು ನಾನು. ಆದರೆ ಅವಳ ಲೆಕ್ಕ ತಪ್ಪಿಸಬಾರದು ಎಂಬ ನಿಯತ್ತು ಬೇರೆ! ತೆಗೆದಷ್ಟನ್ನು ತುಂಬಲು ಶಿವಮೊಗ್ಗದಿಂದ ಬರುವ ಬಸ್ಸಿನಲ್ಲೇ ಹೊಸೆದು ತರುತ್ತಿದ್ದೆ. ಬಸ್ಸಿನಲ್ಲಿ ಹಾಲೆಲ್ಲಿ? ಬೆರಳನ್ನು ನಾಲಿಗೆಗೆ ಮುಟ್ಟಿಸಿ ಹೊಸೆಯುತ್ತಿದ್ದೆ. ಅವಳ ಕಣ್ಣಿಗೆ ಪೊರೆ ಬಂದಿತ್ತು. ನನ್ನ ಬತ್ತಿಗಳನ್ನು ಕಟ್ಟಿನ ನಡುವೆ ತೂರಿಸಿದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಹೀಗೆ ಒಂದು ವರ್ಷ ನಡೆಯಿತು.

ಕಾರ್ತಿಕಕ್ಕೆ ಇಪ್ಪತ್ತು ದಿನವಿತ್ತು, ಲಕ್ಷಕ್ಕೆ ಕೆಲವೇ ಕಟ್ಟು ಬಾಕಿ. ಅಂದು ಅಕ್ಕಪಕ್ಕದ ಇಬ್ಬರು ಹೆಂಗಸರು ಡಬ್ಬಗಳನ್ನು ನೋಡಲು ಬಂದಿದ್ದರು. ಬೆಳಗ್ಗೆಯೇ ನನ್ನ ಸುರುಳಿ ಸುಟ್ಟುಹೋಗಿ ತಲೆ ಸಿಡಿಯುತ್ತಿತ್ತು. ಅತ್ತೆ ಡಬ್ಬಗಳನ್ನು ಸಾಲಾಗಿ ಇಟ್ಟು, ನನ್ನ ತಲೆ ಸವರಿ, "ನಮ್ಮ ಹುಡುಗ ಬಿಟ್ಟ ನೋಡಿ. ಮನಸ್ಸು ಗಟ್ಟಿ ಇದ್ರೆ ಯಾರ್ ಬೇಕಾದ್ರೂ ಬಿಡ್ಬಹುದು. ನೀನೇ ಹೇಳು ಮಗ, ಹೇಗೆ ಬಿಟ್ಟೆ ಅಂತ," ಎಂದಳು.

ನಲವತ್ತೆರಡು ವರ್ಷದವನ ತಲೆ ಸವರುತ್ತಿದ್ದಳು. ಆ ಕೈಯನ್ನು ಸರಿಸಿ, ಜೇಬಿನಿಂದ ವೇಪು ತೆಗೆದು, ಬಿಚ್ಚಿ, ಕರಿಯಾದ ಬತ್ತಿಯನ್ನು ಅವಳ ಮುಂದೆ ಹಿಡಿದೆ.

"ಬಿಟ್ಟಿಲ್ಲ ಅತ್ತೆ. ಇದೂ ಅದೇ ಚಟ. ಡಾಕ್ಟರೂ ಇಲ್ಲ, ಎಂಥದೂ ಇಲ್ಲ. ಒಳಗೆ ಸುಟ್ಟಿರೋದು ನಿನ್ನ ಹರಕೆ ಬತ್ತಿ."

ಅವಳು ಬೈಯಲಿಲ್ಲ. "ಎಷ್ಟು ತಗೊಂಡೆ?" ಎಂದಳು.

"ಲೆಕ್ಕ ಸರಿ ಇದೆ. ತಗೊಂಡಷ್ಟೂ ನಾನೇ ಹೊಸೆದು ಇಟ್ಟಿದೀನಿ."

ಅವಳ ಮುಖ ಒಂದಿಷ್ಟು ಸಡಿಲವಾಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆಮೇಲೆ ಏನೋ ಹೊಳೆದು ಕೇಳಿದಳು, "ಬೆರಳಿಗೆ ಏನು ಮುಟ್ಟಿಸಿ ಹೊಸೆದೆ?"

ಹಾಲು ಎಂದಿದ್ದರೆ ನಂಬುತ್ತಿದ್ದಳು. ಒಂದು ವರ್ಷ ಸುಳ್ಳು ಹೇಳಿದ ಬಾಯಿಗೆ ಇನ್ನೊಂದು ಸುಳ್ಳು ಭಾರವಾಗಿರಲಿಲ್ಲ. ಆದರೆ ಆ ಹೆಂಗಸರ ಮುಂದೆ ಅವಳ ಹೆಮ್ಮೆ ಮುರಿಯುವುದು ನನಗೆ ಬೇಕಿತ್ತು.

"ಎಂಜಲು," ಎಂದೆ.

"ಯಾವ ಡಬ್ಬದ್ದು?"

"ಎಲ್ಲಾ ಡಬ್ಬದ್ದು."

ಹೇಳಿದ ಮೇಲೆ ನನಗೆ ಖುಷಿಯಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಖುಷಿಯಾದದ್ದು ನಿಜ. ಹೆಂಗಸರು ಸೆರಗು ಸರಿಮಾಡಿಕೊಂಡು, ಬರ್ತೀವಿ ಎಂದೂ ಹೇಳದೆ ಎದ್ದುಹೋದರು. ಯಾವುದು ನನ್ನದು, ಯಾವುದು ತನ್ನದು ಎಂದು ಆರಿಸಲು ಅವಳಿಗೆ ಕಣ್ಣಿರಲಿಲ್ಲ. ನಾನು ಆರಿಸಿಕೊಡುತ್ತೇನೆ ಎನ್ನಲಿಲ್ಲ. ಎಂಜಲು ಬೆರೆತ ಬತ್ತಿಯನ್ನು ದೇವರಿಗೆ ಹಚ್ಚುವಂತಿಲ್ಲ. ಹರಕೆಯದನ್ನು ತಿಪ್ಪೆಗೂ ಎಸೆಯುವಂತಿಲ್ಲ. ಮರುದಿನ ಆಟೋದಲ್ಲಿ ಅಷ್ಟೂ ಡಬ್ಬಗಳನ್ನು ರಿಪೇರಿ ಅಂಗಡಿಗೆ ಕಳಿಸಿದಳಂತೆ, ಗ್ರೀಸ್ ಒರೆಸಲು. ನನ್ನ ಗೆಳೆಯ ಫೋನ್ ಮಾಡಿ, "ಯಾರು ಹೊಸೆದಿದ್ದೋ ಇದು? ಇಷ್ಟು ಚೆನ್ನಾಗಿದೆ, ಒರೆಸೋಕೆ ಮನಸ್ಸೇ ಬರ್ತಿಲ್ಲ," ಎಂದ. ಒರೆಸು, ಬರುತ್ತೆ ಎಂದೆ.

ಆ ಕಾರ್ತಿಕದಲ್ಲಿ ಅವಳು ದೇವಸ್ಥಾನಕ್ಕೆ ಹೋಗಲಿಲ್ಲ. ನಾನೂ ಮೂರು ತಿಂಗಳು ಭದ್ರಾವತಿಗೆ ಹೋಗಲಿಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲದ ನೆವ ಮಾಡಿಕೊಂಡು ಹೋದೆ. ಅತ್ತೆ ಅದೇ ಚಾಪೆಯ ಮೇಲೆ ಕೂತು ಹೊಸೆಯುತ್ತಿದ್ದಳು. ಒಂದೇ ಒಂದು ಡಬ್ಬ, ಅದರಲ್ಲಿ ನಾಲ್ಕು ಕಟ್ಟು. ಹೆಬ್ಬೆರಳು ಬಾತಿತ್ತು. ಎಪ್ಪತ್ತೆಂಟರ ಮುದುಕಿ ಒಂದರಿಂದ ಎಣಿಸಲು ಶುರುಮಾಡಿದ್ದಳು. ಇನ್ನೂ ನನ್ನನ್ನು ಬಿಟ್ಟಿಲ್ಲ ಎಂದುಕೊಂಡೆ. ಒಳಗೊಳಗೇ ಸ್ವಲ್ಪ ಹಿಗ್ಗಿದೆ ಕೂಡ.

"ಮತ್ತೆ ನನ್ನ ಹೆಸರಲ್ಲೇ ಹರಕೆ ಹೊತ್ಕೊಂಡ್ಯಾ ಅತ್ತೆ?"

ಅವಳು ತಲೆ ಎತ್ತಲಿಲ್ಲ. "ಇದು ಹರಕೆ ಅಲ್ಲ. ತಪ್ಪುಕಾಣಿಕೆ," ಎಂದಳು. "ನಿಂಗೋಸ್ಕರ ದೇವರನ್ನ ಕೇಳ್ಕೊಂಡಿದ್ನಲ್ಲ, ಅದಕ್ಕೆ."

ಡಬ್ಬವನ್ನು ನನ್ನ ಕೈಗೆ ಸಿಗದಂತೆ ಆಚೆ ಬದಿಗೆ ಸರಿಸಿಕೊಂಡಳು. ಆಮೇಲೆ ಬಚ್ಚಲ ಕಡೆ ಗೋಣು ತಿರುಗಿಸಿ, "ನಿನ್ನದು ಅಲ್ಲಿದೆ," ಎಂದಳು. ಮುಸುರೆ ಪಾತ್ರೆ ಇಡುವ ಕಟ್ಟೆಯ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ, ಒಂದು ದೊಡ್ಡ ಉಂಡೆ ಹತ್ತಿ ಇತ್ತು. ಎಳೆಗಳನ್ನೆಲ್ಲ ಒಂದೇ ಕಡೆಗೆ ಬಿಡಿಸಿ ಇಟ್ಟಿದ್ದಳು.

ತೆಗೆದುಕೊಂಡು ಬಂದೆ. ಒಳ್ಳೆಯ ಹತ್ತಿ, ದ್ರವ ಸಲೀಸಾಗಿ ಏರುತ್ತದೆ. ಈಗಲೂ ಅದನ್ನೇ ಹಾಕುತ್ತಿದ್ದೇನೆ.