ಅಪೀಲಿನ ಗಡುವು ದಾಟಿಸಿದವನು

ಅರವತ್ತರ ದಶಕದ ಮೊದಲ ವರ್ಷಗಳವು. ನಾನು ಕುಮಟೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಶಾಲೆಯ ಅಕ್ಕೋರು. ಗಂಡ ತೀರಿಕೊಂಡ ಮೇಲೆ ಅಕ್ಕ ಶಿರಾಲಿಯಲ್ಲಿ ಒಬ್ಬಳೇ ಇದ್ದಳು. ಮನೆ, ತೆಂಗಿನ ಹಿತ್ತಲು ಎರಡನ್ನೂ ಭಾವ ಅವಳ ಹೆಸರಿಗೆ ಮೃತ್ಯುಪತ್ರ ಬರೆದಿಟ್ಟಿದ್ದರು. ಅದು ಸುಳ್ಳು ಪತ್ರ, ಅಣ್ಣ ಮೊದಲೇ ತನ್ನ ಹೆಸರಿಗೆ ಬರೆದ ಪತ್ರವೇ ನಿಜ ಎಂದು ಅವಳ ಮೈದುನ ಹೊನ್ನಾವರದ ಕೋರ್ಟಿಗೆ ಹೋದ. ಅಕ್ಕನ ಪತ್ರಕ್ಕೆ ಸಾಕ್ಷಿ ಹಾಕಿದ್ದ ಇಬ್ಬರಲ್ಲಿ ಒಬ್ಬರು ಸತ್ತಿದ್ದರು. ಇನ್ನೊಬ್ಬರು ಕಟಕಟೆಯಲ್ಲಿ ನಿಂತು ‘ನೆನಪಿಲ್ಲ’ ಎಂದರು. ಅಕ್ಕ ಸೋತಳು.

ಹೊರಗೆ ಬಂದವರೇ ವಕೀಲರು, “ತಿಂಗಳೊಳಗೆ ಕಾರವಾರದಲ್ಲಿ ಅಪೀಲು ಹಾಕಬೇಕು. ತೀರ್ಪಿನ ನಕಲಿಗೆ ಇವತ್ತೇ ಅರ್ಜಿ ಕೊಡಿ” ಎಂದರು. ಅಕ್ಕ ನಾಳೆ ಎಂದಳು.

ಆ ಸಂಜೆಯೇ ಮೈದುನ ಬಂದ. ಜಗಲಿಯಲ್ಲಿ ಕೂತು ಕಣ್ಣೀರು ಹಾಕಿದ. “ಅತ್ತಿಗೆ, ಕೋರ್ಟು ಸಾಕು. ಮನೆ, ಹಿತ್ತಲು ನಿಂಗೇ ಬರ್ದು ಕೊಡ್ತೆ. ಅಪೀಲು ಎಂತಕ್ಕೆ?”

ವಿಷಯ ತಿಳಿದು ನಾನು ರಜೆ ಹಾಕಿ, ಹೊನ್ನಾವರದಲ್ಲಿ ಹೊಳೆ ದಾಟಿ ಓಡಿದೆ. “ಮೊದ್ಲು ಅಪೀಲು ಹಾಕು. ಆಮೇಲೆ ಬೇಕಾರೆ ರಾಜಿ ಮಾಡ್ಕ್ಯ” ಎಂದು ಕೂಗಾಡಿದೆ. ಅಕ್ಕ ಜಗ್ಗಲಿಲ್ಲ. “ನನ್ನ ಕೈತುತ್ತು ತಿಂದು ಬೆಳೆದಂವ. ಮೋಸ ಮಾಡ್ತ್ನಿಲ್ಲೆ.”

ಅವನು ವಾರವಾರ ಬಂದ. ಕಾಗದ ಬರೆಸುತ್ತಿದ್ದೇನೆ ಎಂದ. ಮಗಳಿಗೆ ಜ್ವರ ಎಂದ. ಅಮಾವಾಸ್ಯೆ ಕಳೆಯಲಿ ಎಂದ. ಗಡುವು ಮುಗಿದ ಮೇಲೆ ಬರಲಿಲ್ಲ. ಅಕ್ಕನೇ ಹೋಗಿ ಕೇಳಿದಾಗ, “ಎಂತ ರಾಜಿ? ಯಾರು ಹೇಳಿದ್ದು?” ಎಂದ.

ತಡವನ್ನು ಮನ್ನಿಸಿ ಎಂದು ಕಾರವಾರದಲ್ಲಿ ಬೇಡಿಕೊಂಡೆವು. ಅವನು ಪ್ರಮಾಣ ಮಾಡಿ, ತಾನು ಅತ್ತಿಗೆಯ ಮನೆಯ ಮೆಟ್ಟಿಲೇ ಹತ್ತಿಲ್ಲ ಎಂದ. ನಮ್ಮ ಅರ್ಜಿ ವಜಾ ಆಯಿತು. ಮೃತ್ಯುಪತ್ರ ನಿಜವೋ ಸುಳ್ಳೋ ಎಂದು ಆ ಕೋರ್ಟು ನೋಡಲೇ ಇಲ್ಲ. ತಡವಾದ ಒಂದೊಂದು ದಿನಕ್ಕೂ ವಿಧವೆಯ ಹತ್ತಿರ ಕಾರಣ ಕೇಳಿದ ಕಾನೂನು, ತಡ ಮಾಡಿಸಿದವನನ್ನು ಒಂದು ಮಾತೂ ಕೇಳಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ಅಂದು ನಾನು ಬೈದ ಬೈಗುಳ ಶಾಲೆಯ ಅಕ್ಕೋರು ಆಡುವಂಥದ್ದಾಗಿರಲಿಲ್ಲ.

ಮನೆ ಬಿಡಿಸಲು ಕೋರ್ಟಿನ ಅಮೀನ ಬಂದ ದಿನ ಮೈದುನ ದೊಡ್ಡ ಮನುಷ್ಯನ ಹಾಗೆ, “ಚಾ ಕುಡ್ಕಂಡು ಹೋಗು ಅತ್ತಿಗೆ” ಎಂದ. ಅಕ್ಕ ಅಂಗಳದಲ್ಲಿ ತಿರುಗಿ ನಿಂತಳು.

“ನೀನು ಗೆದ್ದದ್ದಲ್ಲ. ನನ್ನ ಕಾಯ್ಸಿದ್ದು, ಅಷ್ಟೇಯ.”

ಕುಮಟೆಯ ಹತ್ತಿರದ ಹೊಳನಗದ್ದೆಯಲ್ಲಿ ನಾನಿದ್ದ ಬಾಡಿಗೆ ಮನೆಗೇ ಅವಳನ್ನು ಕರೆತಂದೆ. ಕೆಲವು ವರ್ಷಗಳ ಮೇಲೆ ಮೈದುನ ಹಾಸಿಗೆ ಹಿಡಿದ. ಅತ್ತಿಗೆಯನ್ನು ನೋಡಬೇಕೆಂದು ಹೇಳಿಕಳಿಸಿದ. “ನೋಡ್ಕಂಡು ಬತ್ತೆ” ಎಂದು ಅಕ್ಕ ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಹೋದಳು.

ಆ ಸಿಟ್ಟು ನನಗೆ ಅವಳ ಮೇಲೂ ಇದೆ.