ಎತ್ತಿನ ಹೆಸರು ನೆನಪಿದೆ, ಅತ್ತೆಯದು?

ಬಸಣ್ಣ ಮಾವನಿಗೆ ತಮ್ಮ ಅಜ್ಜನ ಎತ್ತುಗಳ ಹೆಸರು ಗೊತ್ತು. ಒಂದು ಹಂಸ, ಇನ್ನೊಂದು ಮಲ್ಲ. ಹಂಸನ ಬಲಗೊಂಬು ತುಸು ಸೊಟ್ಟಗಿತ್ತಂತೆ. ಸ್ವಂತ ಅತ್ತೆಯ, ಅಂದರೆ ಅಪ್ಪನ ಒಡಹುಟ್ಟಿದ ತಂಗಿಯ ಹೆಸರು ಮಾತ್ರ ಗೊತ್ತಿಲ್ಲ.

ಆ ಅತ್ತೆಯೇ ನನ್ನ ಅವ್ವನ ಅವ್ವ. ಅವ್ವನಿಗೆ ಮೂರು ವರ್ಷವಿದ್ದಾಗ ತೀರಿಹೋದವಳು. ಗಂಗವ್ವ ಎನ್ನುವುದು ಮದುವೆಯಲ್ಲಿ ಗಂಡನ ಮನೆಯವರು ಬದಲಿಸಿ ಇಟ್ಟ ಹೆಸರು. ಹುಟ್ಟಿದಾಗಿನ ಹೆಸರು ಯಾವುದು? (ನಿಮ್ಮ ಅಜ್ಜಿಯದು ನಿಮಗೆ ಗೊತ್ತೇ? ಸುಮ್ಮನೆ ಕೇಳಿದೆ.)

ಆ ಹೆಸರು ಈಗ ಬೇಕಾಗಿದೆ. ನನ್ನ ಮಗನಿಗೆ ಹೆಣ್ಣುಕೂಸು ಹುಟ್ಟಿದೆ, ಭಾನುವಾರ ತೊಟ್ಟಿಲು. ನಮ್ಮ ಜೊತೆಗೇ ಇರುವ ಅವ್ವ ಎಂದೂ ಏನನ್ನೂ ಕೇಳಿದವಳಲ್ಲ. ಈ ಸಲ ಕೇಳಿದಳು. "ಕೂಸಿಗೆ ನಮ್ಮವ್ವನ ತವರುಮನಿ ಹೆಸರು ಇಡ್ರಿ. ಒಮ್ಮೆರ ಆಕಿ ಹೆಸರು ಹಿಡದು ಕರೀತೀನಿ."

ಸರಿ, ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬೆಂಗೇರಿಯಿಂದ ಹೊರಟೆ. ಬಸ್ ಬದಲಿಸುತ್ತ ನವಲಗುಂದದ ಆಚೆಗಿರುವ ಅಜ್ಜಿಯ ತವರೂರು ಮುಟ್ಟಿದೆ.

ಬಸಣ್ಣ ಮಾವನ ಪಡಸಾಲೆಯ ಗೋಡೆಯ ಮೇಲೆ ಕಲರ್ ಫ್ಲೆಕ್ಸ್. ವಂಶವೃಕ್ಷವಂತೆ. ಏಳು ತಲೆಮಾರು, ಎಲೆಗೊಂದು ಹೆಸರು. ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದೆ. ಎಲ್ಲ ಗಂಡಸರೇ. ಕೆಳಗೆ ಮನೆಯ ಟ್ರ್ಯಾಕ್ಟರಿನ ಫೋಟೋ ಬೇರೆ. ಇಷ್ಟು ಗಂಡಸರನ್ನು ಹೆತ್ತದ್ದು ಯಾರು, ಟ್ರ್ಯಾಕ್ಟರೇ?

"ಮಾವಾರ, ಇದರಾಗ ನಮ್ಮಜ್ಜಿ ಎಲ್ಲದಾಳ್ರಿ?"

"ಆಕಿ ಕೊಟ್ಟ ಹೆಣ್ಣಲ್ಲೇನವಾ. ಇದರಾಗ ಹೆಂಗ ಬರ್ತಾಳ?"

"ಹಂಸ, ಮಲ್ಲ ನೆನಪದಾವಲ್ರಿ?"

"ಅವು ನಮ್ಮ ಮನ್ಯಾಗ ದುಡದಾವು, ಯವ್ವಾ."

ಮದುವೆಯಾಗುವತನಕ ಇದೇ ಮನೆಯ ಸಗಣಿ ಬಳಿದವಳು, ನೀರು ಹೊತ್ತವಳು, ನಾಲ್ವರು ಅಣ್ಣಂದಿರಿಗೆ ರೊಟ್ಟಿ ಬಡಿದವಳು ದುಡಿದಿರಲಿಲ್ಲವೇ?

ನನ್ನ ಮುಖ ನೋಡಿ ಮಾವನೇ ತಮ್ಮ ಮನೆತನದ ಹೆಳವರಿಗೆ ಫೋನ್ ಹಚ್ಚಿದರು. ಕೆಲವು ವರ್ಷಕ್ಕೊಮ್ಮೆ ಮನೆಗೆ ಬಂದು ಹಿರಿಯರ ಹೆಸರನ್ನೆಲ್ಲ ಸಾಲಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳುಕಡಿ ಪಡೆದು ಹೋಗುತ್ತಾರಲ್ಲ, ಅವರು. ಸ್ಪೀಕರಿನಲ್ಲಿ ಪುಟ ತಿರುವುವ ಸದ್ದು ಕೇಳಿತು.

"ಗಂಡು ನಾಕು, ಹೆಸರದಾವ್ರಿ. ಹೆಣ್ಣು ಒಂದು ಅಂತಷ್ಟ ಐತಿ."

"ಹೆಸರ್ಯಾಕ ಬರದಿಲ್ರಿ?"

"ಮನಿಯವರು ಹೇಳಿದ್ದು ಬರೀತೀವ್ರಿ ತಾಯಿ. ನಿಮ್ಮ ಮನಿಗೂ ನಿಮ್ಮ ಹೆಳವರು ಬರ್ತಾರಲ್ಲ, ನೀವರ ಹೆಣ್ಮಕ್ಕಳ ಹೆಸರು ಬರಸೀರೇನು?"

ತಿರುಗಿ ಬರುವಾಗ ಬಸ್ಸಿನಲ್ಲಿ ಸಿಟ್ಟು ಕುದಿಯುತ್ತಲೇ ಇತ್ತು. ಮಾವನ ಮೇಲೆ, ಆ ಫ್ಲೆಕ್ಸಿನ ಮೇಲೆ, ಹಂಸನ ಸೊಟ್ಟ ಕೊಂಬಿನ ಮೇಲೆ. ಕುಸುಗಲ್ ದಾಟುವಷ್ಟರಲ್ಲಿ ಬೈಯಲು ಇನ್ನೊಬ್ಬರು ಸಿಕ್ಕರು: ನಾನು.

ಎರಡು ವರ್ಷದ ಹಿಂದೆ ನಮ್ಮ ಹೆಳವರು ಎಷ್ಟೋ ವರ್ಷದ ಮೇಲೆ ಬಂದಾಗ ಮೊರದ ತುಂಬ ಜೋಳ ಹಾಕಿದವಳು ನಾನೇ. ಮಗನ ಹೆಸರು ಬರೆಸಿದವಳೂ ನಾನೇ. ಮಗಳದು? "ಆಕೀನ ಕೊಟ್ಟಾತಲ್ರಿ, ಬಿಡ್ರಿ" ಎಂದಿದ್ದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಬಾಯಿಂದ ತಾನಾಗಿ ಬಂದಿತ್ತು. ಭಾನುವಾರ ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅದೇ ಮಗಳು.

ಅವ್ವ ಬಾಗಿಲಲ್ಲೇ ಕೂತಿದ್ದಳು. ಹೆಳವರ ಪುಸ್ತಕದಲ್ಲೂ ಸಿಗಲಿಲ್ಲ ಎಂದೆ. ಸೆರಗಿನ ಅಂಚು ತಿರುವಿದಳು. ಆಮೇಲೆ, "ಆತು. ನಿಮಗ ಬೇಕಾದ ಹೆಸರು ಇಡ್ರಿ. ಆದ್ರ ಬರಸ್ರಿ" ಎಂದಳು.

ಮರುದಿನ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ನಮ್ಮ ಹೆಳವರಿಗೆ ಫೋನ್ ಮಾಡಿದೆ. ಮಗನಿಗೆ ಕೂಸು ಹುಟ್ಟಿದೆ ಎಂದೆ.

"ಗಂಡೇನ್ರಿ, ಅಕ್ಕಾರ?"

"ಅದು ಆಮ್ಯಾಲೆ. ಮೊದಲ ನನ್ನ ಮಗಳ ಹೆಸರು ಬರಕೋರಿ."