ಜರ್ಮನಿಯ ರಸ್ತೆ, ಅವ್ವನ ಬನ್ನಿ ಗಿಡ

ನಮ್ಮವ್ವನ ಲೆಕ್ಕದಲ್ಲಿ ಜರ್ಮನಿಯ ಎ-ಸೆವೆನ್ ಹೆದ್ದಾರಿಯನ್ನು ಹಾಕಿದವಳು ನಾನು. ಹೈದರಾಬಾದಿನ ಅಂಚಿನ ಪಟಾನ್‌ಚೆರುವಿನ ನಮ್ಮ ಓಣಿಯಲ್ಲಿ ಹಾಲು ಹಾಕುವವನಿಂದ ಹಿಡಿದು ಇಸ್ತ್ರಿಯವನ ತನಕ ಎಲ್ಲರಿಗೂ ಇದು ಗೊತ್ತು. ನಾನು ಆ ದೇಶದ ಮಣ್ಣು ತುಳಿದವಳಲ್ಲ. ಪಾಸ್‌ಪೋರ್ಟ್ ಕೂಡ ಇಲ್ಲ ಮಾರಾಯರೇ, ಮುಂಬೈಯನ್ನೇ ಇನ್ನೂ ಸರಿಯಾಗಿ ನೋಡಿಲ್ಲ.

ನನ್ನದು ಹೈದರಾಬಾದಿನ ಒಂದು ಕಂಪನಿಯಲ್ಲಿ ನಕ್ಷೆ ತಿದ್ದುವ ಕೆಲಸ. ಉಪಗ್ರಹದ ಚಿತ್ರಗಳು, ಕಾರಿನ ಕ್ಯಾಮೆರಾ ತೆಗೆದ ಚಿತ್ರಗಳು ಪರದೆಯ ಮೇಲೆ ಬರುತ್ತವೆ. ಅವನ್ನು ನೋಡಿ ರಸ್ತೆಯ ಗೆರೆ, ಲೇನು, ತಿರುವು, ಬೋರ್ಡು ಎಲ್ಲ ಗುರುತಿಸಬೇಕು. ಅಲ್ಲಿಯ ಕಾರುಗಳಲ್ಲಿ ದಾರಿ ಹೇಳುವ ದನಿ ನಮ್ಮ ಗೆರೆಯನ್ನು ನಂಬಿಯೇ ಮಾತಾಡುತ್ತದೆ. ಒಬ್ಬೊಬ್ಬರಿಗೆ ಒಂದೊಂದು ರಸ್ತೆ. ನನ್ನ ಪಾಲಿಗೆ ಬಂದದ್ದು ಎ-ಸೆವೆನ್, ಆ ದೇಶದ ಎಲ್ಲಕ್ಕಿಂತ ಉದ್ದದ ಹೆದ್ದಾರಿ.

ಅದು ಹೊರಡುವುದು ಡೆನ್ಮಾರ್ಕಿನ ಗಡಿಯಲ್ಲಿ. ಅಲ್ಲಿ ನೆಲ ರೊಟ್ಟಿ ತಟ್ಟಿದಷ್ಟು ಸಪಾಟು, ಎತ್ತ ನೋಡಿದರೂ ಗಾಳಿಯಂತ್ರಗಳು. ಮುಂದೆ ಒಂದು ಕಾಲುವೆಯ ಮೇಲೆ ಎತ್ತರದ ಸೇತುವೆ, ಅದರ ಕೆಳಗೆ ಹಡಗುಗಳು ಹೋಗುತ್ತವೆ. ಹ್ಯಾಂಬರ್ಗಿನಲ್ಲಿ ರಸ್ತೆ ನದಿಯ ಹೊಟ್ಟೆಯೊಳಗೆ ಇಳಿದು ಆಚೆ ದಡದಲ್ಲಿ ಮೇಲೇಳುತ್ತದೆ. ಆಮೇಲೆ ಹ್ಯಾನೋವರ್, ಕಾಸೆಲ್, ಗುಡ್ಡದಿಂದ ಗುಡ್ಡಕ್ಕೆ ಹಾರುವ ಸೇತುವೆಗಳು, ದ್ರಾಕ್ಷಿ ತೋಟಗಳ ವ್ಯೂರ್ಟ್ಸ್‌ಬುರ್ಗ್. ಕೊನೆಗೆ ದನ ಮೇಯುವ ಹಸಿರು, ಹಿಮದ ಬೆಟ್ಟ, ಆಸ್ಟ್ರಿಯಾದ ಬಾಗಿಲು. ಬೆಳಿಗ್ಗೆ ಆಫೀಸಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರೆ ಸಾಕು, ನಾನು ಅಲ್ಲಿರುತ್ತಿದ್ದೆ. ಕಂಡಕ್ಟರ್ "ಲಿಂಗಂಪಲ್ಲಿ" ಎಂದು ಕೂಗಿದಾಗ ನಿದ್ದೆಗಣ್ಣಿನಲ್ಲಿ ಅದು ಕಾಸೆಲ್‌ನ ಪಕ್ಕದ ಯಾವುದೋ ಊರು ಎನ್ನಿಸಿ, ಮಂಜಿನಲ್ಲಿ ಮೆಲ್ಲಗೆ ಇಳಿದುಬಿಡೋಣವೇ ಎನ್ನುವಂತಾಗುತ್ತಿತ್ತು.

ಆ ರಸ್ತೆಯ ಹಳೆಯ ಕತೆಯನ್ನೂ ಓದಿಕೊಂಡೆ. ಮಹಾಯುದ್ಧಕ್ಕೆ ಮೊದಲೇ ಅದರ ಕೆಲವು ತುಂಡುಗಳು ಶುರುವಾಗಿದ್ದವು. ಯುದ್ಧ ಬಂತು, ಕೆಲಸ ನಿಂತಿತು. ಮತ್ತೆ ಕಟ್ಟಲು ಹೊರಟಾಗ ಒಂದು ಕಡೆ ದಾರಿಯನ್ನೇ ಬದಲಾಯಿಸಿದರು. ಹಳೆಯ ದಾರಿಗೆಂದು ಕಟ್ಟಿದ್ದ ಸೇತುವೆಗಳು ಕಾಡಿನೊಳಗೆ ಹಾಗೆಯೇ ಉಳಿದುವು. ಮೇಲೆ ರಸ್ತೆಯಿಲ್ಲ, ಕೆಳಗೂ ಇಲ್ಲ, ಪಾಚಿ ಕಟ್ಟಿದ ಕಮಾನುಗಳು ಮಾತ್ರ. ಊಟದ ಬಿಡುವಿನಲ್ಲಿ ನಾನು ಅವುಗಳ ಚಿತ್ರ ತೆರೆದು ಸುಮ್ಮನೆ ನೋಡುತ್ತ ಕೂತಿರುತ್ತಿದ್ದೆ. ಯಾಕೋ ಅವುಗಳ ಮೇಲೆ ಭಾಳ ಪ್ರೀತಿ.

ನನ್ನ ಕಾಲಕ್ಕೆ ಹ್ಯಾಂಬರ್ಗಿನ ಸುತ್ತ ರಸ್ತೆಯನ್ನು ಅಗಲ ಮಾಡುತ್ತಿದ್ದರು. ಅವರ ಪ್ಲಾನು ನೋಡಿ ಹೊಸ ಲೇನುಗಳನ್ನು ಮೊದಲು ಚುಕ್ಕೆ ಗೆರೆಯಲ್ಲಿ ಎಳೆಯುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಬಂದ ಚಿತ್ರದಲ್ಲಿ ಅದೇ ಜಾಗದಲ್ಲಿ ಕಪ್ಪು ಡಾಂಬರು. ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ, ಅವ್ವ ನನ್ನ ಬೆನ್ನ ಹಿಂದೆ ಬೆಳ್ಳುಳ್ಳಿ ಸುಲಿಯುತ್ತ ಎಲ್ಲವನ್ನೂ ನೋಡುತ್ತಿದ್ದಳು.

"ನೀ ಗೆರಿ ಎಳದಿ, ಅವರು ರಸ್ತಾ ಮಾಡಿದ್ರು," ಎಂದಳು ಒಂದು ದಿನ.

"ಹಂಗಲ್ಲ ಬೇ ಯವ್ವಾ. ಅವರು ಮಾಡೂದನ್ನ ನೋಡಿ ನಾ ಬರೀತೀನಿ."

"ಸುಮ್ನಿರ. ಮೊದಲ ಗೆರಿ ಬಂತು, ಆಮ್ಯಾಲ ರಸ್ತಾ ಬಂತು. ನನ್ನ ಕಣ್ಣೇನ್ ಕುರುಡ ಆಗ್ಯಾವೇನು?"

ಅಲ್ಲಿಗೆ ವಾದ ಮುಗಿಯಿತು. ನಮ್ಮವ್ವನ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಈವರೆಗೂ ಕಂಡಿಲ್ಲ. ಮರುದಿನವೇ ಓಣಿಗೆಲ್ಲ ಸುದ್ದಿ: ಈಕಿ ಜರ್ಮನಿ ರಸ್ತಾ ಹಾಕ್ಯಾಳ.

ಹ್ಯಾಂಬರ್ಗಿನಲ್ಲಿ ಹೆದ್ದಾರಿಯ ಗದ್ದಲಕ್ಕೆ ಬೇಸತ್ತ ಜನಕ್ಕಾಗಿ ರಸ್ತೆಗೇ ಮಾಳಿಗೆ ಹಾಕಿ, ಮೇಲೆ ಮಣ್ಣು ತುಂಬಿ ತೋಟ ಮಾಡುತ್ತಾರೆ ಎಂದು ಹೇಳಿದಾಗ ಅವ್ವ ಬೆಳ್ಳುಳ್ಳಿ ಕೆಳಗಿಟ್ಟಳು. "ಕೆಳಗ ಗಾಡಿ, ಮ್ಯಾಲ ಗಿಡಾ? ಶಾಣ್ಯಾರದಾರ ಬಿಡ," ಎಂದು ತುಂಬಾ ಹೊತ್ತು ಪರದೆಯನ್ನೇ ನೋಡಿದಳು.

ಗಿಡ ಎಂದರೆ ಅವ್ವನಿಗೆ ಒಂದೇ ಗಿಡ. ನಾವು ಬೀದರ್ ಕಡೆಯವರು, ಅಪ್ಪನ ಫ್ಯಾಕ್ಟರಿ ಕೆಲಸಕ್ಕೆಂದು ಇಲ್ಲಿಗೆ ಬಂದವರು. ಅಪ್ಪ ಈಗಿಲ್ಲ. ಬಂದ ಹೊಸದರಲ್ಲಿ ದಸರೆಗೆ ಬನ್ನಿ ಎಲೆ ಸಿಗದೆ ಅವ್ವ ಕಣ್ಣೀರು ಹಾಕಿದ್ದಳಂತೆ. ಆಮೇಲೆ ಊರಿಂದ ಸಸಿ ತಂದು ಅಂಗಳದಲ್ಲಿ ನೆಟ್ಟಳು. ಅದು ಬೆಳೆದಂತೆ ಸುತ್ತಲಿನ ಫ್ಯಾಕ್ಟರಿಗಳ ಕನ್ನಡದವರೆಲ್ಲ ದಸರೆಯ ಸಂಜೆ ನಮ್ಮ ಅಂಗಳಕ್ಕೆ ಬರತೊಡಗಿದರು. ಬನ್ನಿ ಕೈಯಲ್ಲಿಟ್ಟು "ಬಂಗಾರದಂಗ ಇರೋಣ್ರೀ" ಎಂದು ಅವ್ವನ ಕಾಲು ಮುಟ್ಟುವರು. ಹೆಸರೇ ಗೊತ್ತಿಲ್ಲದವರಿಗೂ ಆಕೆ ಬನ್ನಿ ಗಿಡದ ಅವ್ವ. ಉಳಿದ ದಿನಗಳಲ್ಲಿ ರೊಟ್ಟಿ ಬಡಿಯುವ ವಿಧವೆ, ಆ ಒಂದು ಸಂಜೆ ರಾಣಿ.

ಈ ಬೇಸಗೆಯಲ್ಲಿ ನಮ್ಮ ಕಂಪೌಂಡ್ ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು ಬಿತ್ತು. ಹೆದ್ದಾರಿಗೆ ಕೂಡುವ ನಮ್ಮ ರಸ್ತೆಯನ್ನು ಅಗಲ ಮಾಡುತ್ತಾರೆ. ಎದುರು ಸಾಲಿನ ಮನೆಗಳು ರಸ್ತೆಗೆ ತೀರಾ ಹತ್ತಿರ, ನಮ್ಮ ಕಡೆ ಅಂಗಳವಿದೆ. ಆದ್ದರಿಂದ ನಮ್ಮ ಕಡೆಯಿಂದಲೇ ತೆಗೆದುಕೊಳ್ಳುತ್ತಾರೆ. ಮನೆ ಉಳಿಯುತ್ತದೆ, ಗಿಡ ಹೋಗುತ್ತದೆ.

ಎದುರು ಮನೆಯ ತೆಲುಗು ಅಕ್ಕ ಅವ್ವನ ಜೀವದ ಗೆಳತಿ. ಅವ್ವ ಕನ್ನಡ ಆಡುತ್ತಾಳೆ, ಆಕೆ ತೆಲುಗು ಆಡುತ್ತಾಳೆ, ಇಬ್ಬರಿಗೂ ಎಲ್ಲವೂ ತಿಳಿಯುತ್ತದೆ. ಆಕೆ ಓಡಿ ಬಂದು, "ನೀ ಬಿಡ್ಡಕು ಚೆಪ್ಪು ವದಿನಾ, ಗೀತ ಜರ ಜರುಪುಮನು," ಎಂದಳು. ಅತ್ತಿಗೇ, ನಿನ್ನ ಮಗಳಿಗೆ ಹೇಳು, ಗೆರೆಯನ್ನು ಒಂಚೂರು ಸರಿಸಲಿ ಅಂತ.

ಅವ್ವ ನನ್ನ ಕಡೆ ತಿರುಗಿದಳು. ನನ್ನ ಜನ್ಮದಲ್ಲಿ ನನ್ನಿಂದ ಏನನ್ನೂ ಬೇಡದ ಹೆಂಗಸು, "ಅಷ್ಟು ದೂರದ್ದು ಮಾಡಾಕತ್ತೀದಿ. ನಮ್ಮದೊಂದೀಟು ಸರಸು, ನನ್ನವ್ವಾ," ಎಂದಳು.

ಎದುರು ಮನೆಯ ಅಕ್ಕ ಹೋದ ಮೇಲೆ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ನಮ್ಮ ಓಣಿಯ ಉಪಗ್ರಹ ಚಿತ್ರ ತೆರೆದೆ. ಇದರಿಂದ ಏನೂ ಆಗದು ಎಂದು ತೋರಿಸಿಯೇ ಬಿಡೋಣವೆಂದು. ಗೋಡೆಯ ಗುರುತಿನ ಪ್ರಕಾರ ಹೊಸ ರಸ್ತೆಯ ಎರಡು ಅಂಚುಗಳನ್ನು ಎಳೆದೆ. ಬನ್ನಿ ಗಿಡ ಒಂದು ಹಸಿರು ಚುಕ್ಕೆ, ರಸ್ತೆಯ ಒಳಗೆ ಬಿತ್ತು. ಅವ್ವ ಕುರ್ಚಿ ಎಳೆದುಕೊಂಡು ನನ್ನ ಹೆಗಲಿಗೆ ಹೆಗಲು ತಾಗಿಸಿ ಕೂತಳು.

"ಆಕಡಿ ಸರಸು."

ರಸ್ತೆಯನ್ನು ಮೌಸಿನಲ್ಲಿ ಹಿಡಿದು ಎಳೆದೆ. ಮೆಲ್ಲಗೆ ಸರಿಯಿತು. ಹಸಿರು ಚುಕ್ಕೆ ಹೊರಗೆ ಬಂತು. ಅವ್ವನ ಮುಖ ಬೆಳಗಿದ್ದನ್ನು ಪರದೆಯ ಗಾಜಿನಲ್ಲೇ ಕಂಡೆ. "ಉಳೀತು! ಉಳೀತು ನೋಡು!" ಎಂದು ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು.

ನಾನು ಬಾಯಿ ತೆರೆಯುವುದರೊಳಗೆ ಆಕೆ ಮುಂದಕ್ಕೆ ಬಾಗಿ ಇನ್ನೊಂದು ಅಂಚಿಗೆ ಬೆರಳಿಟ್ಟಳು. "ಈ ನೀಲಿ ತಗಡು ಯಾರದು?"

"ಎದುರು ಮನಿ ಅಕ್ಕಂದು."

"ಇದು ಆಕೀ ಅಡಗಿಮನಿ ಅಲ್ಲೇನು?"

"ಹೂಂ."

"ಗೆರಿ ಅದರ ನಟ್ಟನಡುವ ಹೋತಲ್ಲ."

ಅವ್ವ ಬೆರಳು ತೆಗೆಯಲಿಲ್ಲ. ಹೊರಗೆ ಫ್ಯಾಕ್ಟರಿಯ ಪಾಳಿ ಬಿಟ್ಟು ಜನ ಬಸ್ಸಿಗೆ ಓಡುತ್ತಿದ್ದರು. ಗಿಡದ ನೆರಳು ಕಿಟಕಿಯಿಂದ ಬಂದು ಕೀಬೋರ್ಡಿನ ಮೇಲೆ ಆಡುತ್ತಿತ್ತು. ಕಡೆಗೆ ಆಕೆ ನಿಟ್ಟುಸಿರು ಬಿಟ್ಟು, "ಮೊದಲ ಹೆಂಗಿತ್ತು ಹಂಗ ಇಡು," ಎಂದಳು.

"ಯವ್ವಾ, ಇದು ಬರೀ ಚಿತ್ರ ಬೇ…"

"ಇಡು ಅಂದ್ರ ಇಡು. ಹತ್ತು ಮಂದಿಗೆ ಉಣ್ಣಾಕ ಹಾಕೋ ಒಲಿ ಅದು."

ನಾನು ಗೆರೆಯನ್ನು ಹಿಂದಕ್ಕೆ ಎಳೆದೆ. ಹಸಿರು ಚುಕ್ಕೆ ಮತ್ತೆ ರಸ್ತೆಯೊಳಗೆ ಹೋಯಿತು. ಅವ್ವ ಅದನ್ನು ಕಣ್ಣು ಮಿಟುಕಿಸದೆ ನೋಡಿ, ಎದ್ದು ಒಳಗೆ ಹೋದಳು.

ಗಿಡ ಕಡಿಯುವವರು ಬಂದ ದಿನ ಅವ್ವ ಬುಡಕ್ಕೆ ನೀರು ಹಾಕಿ, ಅರಿಷಿಣ ಕುಂಕುಮ ಹಚ್ಚಿ, ಬದಿಗೆ ಸರಿದು ನಿಂತಳು. ಎದುರು ಮನೆಯ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು. ಅಷ್ಟು ದೊಡ್ಡ ಕೆಲಸದಲ್ಲಿರುವ ನಿನ್ನ ಮಗಳ ಕೈಲೂ ಆಗಲಿಲ್ಲವೇ ಎಂದು ನನ್ನ ಕಡೆ ನೋಡಿ ಕೇಳಿಯೇ ಬಿಟ್ಟಳು.

ಅವ್ವ ಆಕೆಯ ಕೈ ಹಿಡಿದುಕೊಂಡಳು.

"ಆಕಿ ಉಳಿಸಿದ್ಲು. ನಾನ ಬ್ಯಾಡ ಅಂದೆ."

ಅಡಿಗೆಮನೆಯ ಮಾತನ್ನು ಎತ್ತಲೇ ಇಲ್ಲ.